ಎಡಗೈ ತುತ್ತಿಗೆ ಸಂಕೋಚವೇಕೆ?

ಬಲಗೈ ಕಳೆದುಕೊಂಡವರು ನಿಮ್ಮ ಮನೆಯಲ್ಲೋ ನೆಂಟರಲ್ಲೋ ಇದ್ದರೆ ಒಮ್ಮೆ ಗಮನಿಸಿ. ವಲೀಮಾ ಊಟಕ್ಕೆ ಅವರು ಬರುವುದು ಕಡಿಮೆ. ಬಂದರೂ ಮೂಲೆ ಹುಡುಕುತ್ತಾರೆ, ಇಲ್ಲವೇ ಹಸಿವಿಲ್ಲ ಎನ್ನುತ್ತಾರೆ. ಎಡಗೈಯಲ್ಲಿ ತುತ್ತು ಎತ್ತಿದರೆ ಜನ ನೋಡುತ್ತಾರೆಂಬ ಸಂಕೋಚ ಅವರದು. ಆ ಸಂಕೋಚ ಹುಟ್ಟಿಸಿದವರು ನಾವು. ಅದನ್ನು ಕಳೆಯುವ ಹೊಣೆಯೂ ನಮ್ಮದೇ ಎಂಬುದು ನನ್ನ ಅಭಿಪ್ರಾಯ.

ಬಲಗೈಯಲ್ಲಿ ಉಣ್ಣುವುದು ಪ್ರವಾದಿ(ಸ)ರ ಚರ್ಯೆ ನಿಜ. ಆದರೆ ಗಾಯ, ಕಾಯಿಲೆಯಂಥ ಕಾರಣವಿದ್ದವರು ಎಡಗೈಯಲ್ಲಿ ಉಂಡರೆ ತಪ್ಪಿಲ್ಲವೆಂದು 13ನೇ ಶತಮಾನದ ಇಮಾಮ್ ನವವಿ ಅವರು ಸಹೀಹ್ ಮುಸ್ಲಿಮ್ ವ್ಯಾಖ್ಯಾನದಲ್ಲಿ ತಿಳಿಸಿದ್ದಾರೆ. ವುಝೂವಿನಲ್ಲೂ ಅಷ್ಟೇ. ಮೊಣಕೈ ಕೆಳಗೆ ಉಳಿದಷ್ಟನ್ನು ತೊಳೆದರಾಯಿತು. ಮೊಣಕೈಗಿಂತ ಮೇಲೆ ಕೈ ಹೋಗಿದ್ದರೆ ಆ ಕೈ ತೊಳೆಯುವ ಕಡ್ಡಾಯವಿಲ್ಲ. ಸಂಶಯವಿದ್ದರೆ ನಿಮ್ಮ ಆಲಿಮರನ್ನು ಕೇಳಿ.

ಮುಡುಕುತೊರೆಯ ಆಸುಪಾಸಿನ ನಮ್ಮ ಊರುಗಳು ಕಬ್ಬು, ಭತ್ತದ ಊರುಗಳು. ಕಬ್ಬಿನ ಗಾಣ, ಮೇವು ಕತ್ತರಿಸುವ ಯಂತ್ರ, ವಿದ್ಯುತ್ ತಂತಿ, ರಸ್ತೆ ಅಪಘಾತ, ಯಾವುದರಿಂದಲೂ ಕೈ ಹೋಗಬಹುದು. ಹುಟ್ಟಿನಿಂದಲೇ ಒಂದು ಕೈ ಇಲ್ಲದ ಮಕ್ಕಳೂ ಇದ್ದಾರೆ. ಇವರಿಗೆ ಮನೆಯವರು ಎಲ್ಲವನ್ನೂ ಮಾಡಿಕೊಡುವುದು ಪ್ರೀತಿಯಿಂದಲೇ. ಆದರೆ ಉಣ್ಣಿಸಿ, ತೊಡಿಸಿ, ಕೂರಿಸಿಬಿಟ್ಟರೆ ಉಳಿದ ಕೈಯೂ ಕೆಲಸ ಕಲಿಯುವುದಿಲ್ಲ. ಅದರ ಬದಲು ಮನೆಯಲ್ಲಿ ಕೆಲವು ಬದಲಾವಣೆ ಮಾಡಿ.

ಮೊದಲು ಶುಚಿತ್ವ. ಶೌಚಕ್ಕೂ ಊಟಕ್ಕೂ ಅದೇ ಕೈ ಆದ್ದರಿಂದ ಇದು ಮುಖ್ಯ. ಚೊಂಬಿನಿಂದ ನೀರು ಹುಯ್ಯುತ್ತ ಅದೇ ಕೈಯಲ್ಲಿ ತೊಳೆಯಲಾಗದು. ಕಮೋಡಿಗೇ ಕೂಡಿಸಿದ ನೀರಿನ ಜೆಟ್ ಇದ್ದರೆ ಕೈ ಬಿಡುವಾಗುತ್ತದೆ. ಒಂಟಿ ಕೈ ತನ್ನನ್ನು ತಾನು ಉಜ್ಜಿಕೊಳ್ಳಲಾರದು. ಬಚ್ಚಲ ಗೋಡೆಗೆ ಮೆತ್ತನೆಯ ಬ್ರಷ್ಷೊಂದನ್ನು ಗಟ್ಟಿಯಾಗಿ ಕೂರಿಸಿ, ಒತ್ತಿದರೆ ಸುರಿಯುವ ಸೋಪು ಪಕ್ಕದಲ್ಲಿಡಿ. ಬೆರಳ ಸಂದಿ, ಉಗುರಿನ ಒಳಗೆಲ್ಲ ಬ್ರಷ್ಷಿಗೆ ಉಜ್ಜಿಕೊಳ್ಳಲಿ. ಉಗುರು ಕತ್ತರಿಯನ್ನು ಹಲಗೆಗೆ ಬಿಗಿದರೆ ಮೊಣಕೈಯಿಂದಲೋ ಮೊಂಡುಗೈಯಿಂದಲೋ ಒತ್ತಬಹುದು. ಮಸೀದಿ ಕಮಿಟಿಯವರಲ್ಲಿ ನನ್ನ ಕೋರಿಕೆ: ವುಝೂಖಾನೆಯಲ್ಲಿ ಮೊಣಕೈಯಿಂದ ತಳ್ಳಿದರೆ ತೆರೆಯುವ ನಲ್ಲಿ ಒಂದಾದರೂ ಇರಲಿ. ಹನಫಿ, ಶಾಫಿಈ ಎರಡರಲ್ಲೂ ಅಂಗದ ಮೇಲೆ ನೀರು ಹರಿದರೆ ಸಾಕು, ಉಜ್ಜುವುದು ಕಡ್ಡಾಯವಲ್ಲ.

ಅಡುಗೆಮನೆಗೆ ಬನ್ನಿ. ನಮ್ಮ ಹಳೆಯ ಈಳಿಗೆ ಮಣೆಯನ್ನು ಕಾಲಿನಿಂದ ಒತ್ತಿ ಹಿಡಿದರೆ ಅಲಗು ಅಲುಗುವುದಿಲ್ಲ. ನಿಧಾನಕ್ಕೆ ಅಭ್ಯಾಸ ಮಾಡಿದರೆ ಒಂದೇ ಕೈಯಲ್ಲಿ ತರಕಾರಿ ಹೆಚ್ಚಬಹುದು. ಪಾತ್ರೆಯಡಿ ಒದ್ದೆ ಬಟ್ಟೆ ಹಾಸಿದರೆ ಜಾರುವುದಿಲ್ಲ. ರಾಗಿಮುದ್ದೆ ಮೊದಲೇ ಒಂದು ಕೈಯ ಊಟ. ಎಡಗೈಗೆ ಅಭ್ಯಾಸ ಮಾಡಿಸಲು ಅಲ್ಲಿಂದಲೇ ಶುರು ಮಾಡಿ. ಗುಂಡಿಯ ಬದಲು ಎಲಾಸ್ಟಿಕ್ ಇರುವ ಉಡುಪು, ಹೆಣ್ಣುಮಕ್ಕಳಿಗೆ ಪಿನ್ನು ಬೇಡದ, ತಲೆಯ ಮೇಲಿಂದ ಹಾಕುವ ಹಿಜಾಬ್ ಹೊಲಿಸಿ.

ವೈದ್ಯನಾಗಿ ಮೂರು ಮಾತು. ಮೊಂಡುಗೈಯನ್ನು ದಿನವೂ ಸೋಪು ನೀರಿನಲ್ಲಿ ತೊಳೆದು ಚೆನ್ನಾಗಿ ಒರೆಸಿ; ಕೆಂಪಾದರೆ, ಹುಣ್ಣಾದರೆ ಎಣ್ಣೆ ಹಚ್ಚುತ್ತ ಕೂರದೆ ಆಸ್ಪತ್ರೆಗೆ ಹೋಗಿ. ಎರಡು ಕೈಯ ಕೆಲಸ ಹೊತ್ತ ಕೈಗೆ ಭುಜನೋವು ಬೇಗ ಬರುತ್ತದೆ. ಭಾರ ಕಡಿಮೆ ಮಾಡಿ, ನಡುನಡುವೆ ವಿಶ್ರಾಂತಿ ಕೊಡಿ, ಬಿಸಿ ಶಾಖ ಕೊಡಿ. ಇಲ್ಲದ ಕೈ ನೋಯುತ್ತದೆ ಎಂದು ಅವರು ಹೇಳಿದರೆ ನಂಬಿ. ಅದು ನರ ಮತ್ತು ಮೆದುಳಿಗೆ ಸಂಬಂಧಿಸಿದ ನಿಜವಾದ ನೋವು. ಜಿನ್ನ್ ಹಿಡಿದಿದೆ ಎಂದು ತಾಯಿತ ಕಟ್ಟಿಸಬೇಡಿ, ಚಿಕಿತ್ಸೆ ಇದೆ. ದೇಹದಂತೆ ಮನಸ್ಸಿನ ಚಲನೆ, ವಿಶ್ರಾಂತಿಯನ್ನೂ ಯುನಾನಿ ಶಾಸ್ತ್ರ ಆರೋಗ್ಯದ ಆರು ಅಗತ್ಯಗಳಲ್ಲಿ ಎಣಿಸುತ್ತದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಶೇ. 40 ಅಥವಾ ಹೆಚ್ಚಿನ ಅಂಗವೈಕಲ್ಯದ ಪ್ರಮಾಣಪತ್ರ ಇದ್ದವರಿಗೆ ಸರ್ಕಾರಿ ಸೌಲಭ್ಯಗಳುಂಟು. ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಲು ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ನೆರವು ಕೇಳಿ. ಕೃತಕ ಅಂಗ ಬೇಕಿದ್ದರೆ ಹುಬ್ಬಳ್ಳಿಯ ಮಹಾವೀರ ಲಿಂಬ್ ಸೆಂಟರಿನಲ್ಲಿ ವಿಚಾರಿಸಬಹುದು.

ಬೆಂಗಳೂರಿನ ಕೆ.ಎಸ್. ವಿಶ್ವಾಸ್ ಎರಡೂ ಕೈ ಇಲ್ಲದೆ 2016ರಲ್ಲಿ ಕೆನಡಾದ ಪ್ಯಾರಾ ಈಜು ಕೂಟದಲ್ಲಿ ಪದಕ ಗೆದ್ದರು. ನಿಮ್ಮ ಮನೆಯವರು ಪದಕ ತರಬೇಕಿಲ್ಲ. ತಮ್ಮ ಚಹಾ ತಾವೇ ಬಗ್ಗಿಸಿಕೊಂಡು, ದಸ್ತರಖಾನಿನಲ್ಲಿ ಎಲ್ಲರ ನಡುವೆ ಕೂತು ಉಂಡರೆ ಸಾಕು. ಮುಂದಿನ ದಾವತಿಗೆ ಅವರನ್ನು ಪಕ್ಕದಲ್ಲೇ ಕೂರಿಸಿಕೊಳ್ಳಿ, ಕೈಯ ಕಡೆ ನೋಡಬೇಡಿ.