ನೆಗಡಿ ಬಂತು ಅಂತ ಫಾರ್ಮ್ಯಾಟ್ ಮಾಡಿಸ್ಬೇಡಿ

(1/4)

ಸ್ಕಾಲರ್‌ಶಿಪ್ ಅರ್ಜಿಗೆ ಅವತ್ತೇ ಕೊನೇ ದಿನ. ರಜೆ ಪೂರ್ತಿ ಬ್ಯಾಗಲ್ಲೇ ಮಲಗಿದ್ದ ಲ್ಯಾಪ್‌ಟಾಪನ್ನ ನನ್ನ ರೂಮ್‌ಮೇಟ್ ಚಾರ್ಜಿಗೆ ಹಾಕಿ ಆನ್ ಮಾಡಿದ. ಯಾವ ವೆಬ್‌ಸೈಟ್ ತೆರೆದರೂ ಅದೇ ಎಚ್ಚರಿಕೆ ಪುಟ. ಅಪ್‌ಡೇಟ್ ಒತ್ತಿದ್ರೆ ಅದೂ ಫೇಲ್. ಎರಡು ಸಲ ರೀಸ್ಟಾರ್ಟ್ ಮಾಡಿ, ಮೂರನೇ ಸಲಕ್ಕೆ ಅಂಗಡಿಗೆ ಓಡಿದ್ವಿ.

"ವೈರಸ್ ಇರಬೇಕು, ಫಾರ್ಮ್ಯಾಟ್ ಹೊಡೆದುಬಿಡೋಣ" ಅಂದ್ರು. ನಾವು ತಲೆ ಆಡಿಸಿದ್ವಿ. ಅರ್ಜಿ ಹೇಗೋ ಪಕ್ಕದ ರೂಮಿನವರ ಲ್ಯಾಪ್‌ಟಾಪಲ್ಲಿ ರಾತ್ರಿ ಹನ್ನೊಂದೂವರೆಗೆ ಹೋಯ್ತು. ಆದ್ರೆ ಅವನ ಪ್ರಾಜೆಕ್ಟ್ ರಿಪೋರ್ಟು, ಫಸ್ಟ್ ಇಯರ್ ಫೋಟೋಗಳು ಯಾವುದೂ ವಾಪಸ್ ಬರ್ಲಿಲ್ಲ.

ವಾರ ಕಳೆಯೋದ್ರೊಳಗೆ ಒಂದಿನ ಚಾರ್ಜ್ ಪೂರ್ತಿ ಖಾಲಿ ಆಯ್ತು. ಮತ್ತೆ ಆನ್ ಮಾಡಿದ್ರೆ ಮತ್ತದೇ ಪುಟ! ಈ ಸಲ ಮಾತ್ರ ಕೂತು ಓದಿದ್ವಿ. ದೊಡ್ಡ ಅಕ್ಷರದಲ್ಲಿ ಬರೆದಿತ್ತು: ನಿಮ್ಮ ಗಡಿಯಾರ ಹಿಂದಿದೆ. ಸ್ಕ್ರೀನಿನ ಮೂಲೆಯಲ್ಲಿ ನೋಡಿದ್ರೆ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿತ್ತು. ಸರಿಯಾದ ತಾರೀಖು ಹಾಕಿದ್ವಿ, ಎಲ್ಲಾ ತೆರೆದುಕೊಳ್ತು. ಎರಡು ನಿಮಿಷದ ಕೆಲಸ.

ಅಂಗಡಿಯವರನ್ನ ಬೈಯೋಕೆ ಇದನ್ನ ಬರೀತಿಲ್ಲ. ಪುಟ ನಮ್ಮ ಕಣ್ಣೆದುರೇ ಇತ್ತು, ನಾವೇ ಓದಿರಲಿಲ್ಲ. ನನ್ನ ಅಭಿಪ್ರಾಯ ಇಷ್ಟೇ: ನಮ್ಮ ಲ್ಯಾಪ್‌ಟಾಪ್‌ಗಳಿಗೆ ವೈರಸ್‌ಗಿಂತ ಜಾಸ್ತಿ ಹಾನಿ ಮಾಡ್ತಿರೋದು ಎರರ್ ಕಂಡ ತಕ್ಷಣ ಮೂಲೆಯ ಇಂಟು ಗುರುತು ಒತ್ತೋ ನಮ್ಮ ಬೆರಳು.

(2/4)

ತಾರೀಖಿಗೂ ವೆಬ್‌ಸೈಟಿಗೂ ಏನು ಸಂಬಂಧ ಅಂತೀರಾ? ನಮ್ಮ ಬಸ್ ಪಾಸ್ ನೆನಪಿಸ್ಕೊಳ್ಳಿ. ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಇರುತ್ತಲ್ವಾ, ಪ್ರತಿ ಸುರಕ್ಷಿತ ವೆಬ್‌ಸೈಟಿಗೂ ಅಂಥದ್ದೇ ಒಂದು ಸರ್ಟಿಫಿಕೇಟ್ ಇರುತ್ತೆ. ಬ್ರೌಸರ್ರೇ ಕಂಡಕ್ಟರ್. ಕಂಡಕ್ಟರ್ ಕೈಲಿರೋ ಕ್ಯಾಲೆಂಡರ್ 2016ರದ್ದಾದ್ರೆ ಇವತ್ತಿನ ಪಾಸ್ ತೋರಿಸಿದ್ರೂ "ಇದು ಇನ್ನೂ ಶುರುವೇ ಆಗಿಲ್ಲ, ಇಳೀರಿ" ಅಂತಾನೆ. 2020ರ ಸೆಪ್ಟೆಂಬರ್‌ನಿಂದ ಹೊಸ ಸರ್ಟಿಫಿಕೇಟ್‌ಗಳ ಆಯಸ್ಸನ್ನ ಗರಿಷ್ಠ 398 ದಿನಕ್ಕೆ ಇಳಿಸಿದ್ರು. ಹಾಗಾಗಿ ಗಡಿಯಾರ ವರ್ಷಗಟ್ಟಲೆ ಹಿಂದಿದ್ರೆ ಹೆಚ್ಚುಕಮ್ಮಿ ಯಾವ ಸೈಟೂ ತೆರೆಯಲ್ಲ. ಅಪ್‌ಡೇಟ್ ಸರ್ವರ್ ಜೊತೆ ಮಾತಾಡೋದೂ ಇದೇ ದಾರಿಯಲ್ಲಿ, ಅದಕ್ಕೇ ಎರಡೂ ಒಟ್ಟಿಗೆ ಕೈಕೊಟ್ಟಿದ್ದು.

ತಾರೀಖು ಯಾಕೆ ಹಿಂದೆ ಹೋಗುತ್ತೆ? ಹಳೇ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ನಾಣ್ಯದಂಥ ಪುಟ್ಟ ಸೆಲ್ ಇರುತ್ತೆ. ಪವರ್ ಇಲ್ಲದಾಗಲೂ ಗಡಿಯಾರ ಓಡಿಸೋದು ಅದರ ಕೆಲಸ. ಅದು ಸತ್ತಿದ್ರೆ ಬ್ಯಾಟರಿ ಖಾಲಿಯಾದಾಗಲೆಲ್ಲ ತಾರೀಖು ಮರೆತುಹೋಗುತ್ತೆ. ನೂರು ಸಲ ಫಾರ್ಮ್ಯಾಟ್ ಮಾಡಿಸಿದ್ರೂ ಸೆಲ್ಲಿಗೆ ಜೀವ ಬರಲ್ಲ.

ಗಡಿಯಾರ ಸರಿ ಇದ್ದೂ ಎಚ್ಚರಿಕೆ ಬಂತಾ? ಬೇರೆ ಸೈಟ್ ತೆರೆದು ನೋಡಿ. ಒಂದೇ ಸೈಟಲ್ಲಿ ಬಂದ್ರೆ ತಪ್ಪು ಬಹುಶಃ ಅವರ ಕಡೆ, ಕಾಯಿರಿ. ಎಲ್ಲಾ ಕಡೆ ಬಂದ್ರೆ ವೈಫೈ ಬಿಟ್ಟು ಮೊಬೈಲ್ ಹಾಟ್‌ಸ್ಪಾಟ್ ಹಾಕಿ ನೋಡಿ. ಅವಸರಕ್ಕೆ "ಪರವಾಗಿಲ್ಲ, ಮುಂದುವರಿ" ಅನ್ನೋ ಲಿಂಕ್ ಒತ್ತಿ ಪಾಸ್‌ವರ್ಡ್ ಮಾತ್ರ ಹಾಕ್ಬೇಡಿ, ಅದ್ರಲ್ಲೂ ಬ್ಯಾಂಕ್ ಸೈಟಲ್ಲಿ.

(3/4)

ಇನ್ನು ಅಪ್‌ಡೇಟ್ ಫೇಲ್ ಆಗೋ ಕಥೆ. ವಿಂಡೋಸ್ ಒಂದು ಉದ್ದನೆ ಕೋಡ್ ತೋರಿಸುತ್ತೆ, ನಾವು ಅದನ್ನ ಶಾಪ ಅನ್ಕೊಳ್ತೀವಿ. ಅದು ವಿಳಾಸ ಅಷ್ಟೇ. 80070070 ಅಂತ ಕೊನೆಯಾದ್ರೆ ಡಿಸ್ಕಲ್ಲಿ ಜಾಗ ಇಲ್ಲ ಅಂತ ಅರ್ಥ. ಸಿ ಡ್ರೈವ್ ನೋಡಿ, ಕೆಂಪಾಗಿರುತ್ತೆ. ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್, ಅದರೊಳಗೆ ಟೆಂಪರರಿ ಫೈಲ್ಸ್. ಅಲ್ಲಿ ಅಳಿಸೋ ಮುಂಚೆ ಒಂದು ಮಾತು: ಆ ಪಟ್ಟಿಯಲ್ಲಿ ನಿಮ್ಮ ಡೌನ್‌ಲೋಡ್ಸ್ ಫೋಲ್ಡರೂ ಇರುತ್ತೆ. ಅದಕ್ಕೆ ಟಿಕ್ ಬಿದ್ದಿದೆಯಾ ನೋಡ್ಕೊಳ್ಳಿ, ಇಲ್ಲಾಂದ್ರೆ ನೋಟ್ಸ್ ಎಲ್ಲಾ ಹೋಗುತ್ತೆ.

ಕೆಲವು ಸಲ ಫೇಲ್ ಆಗಿರೋದು ಅಪ್‌ಡೇಟ್ ಅಲ್ಲ, ಕಾಲ. ವಿಂಡೋಸ್ 7ಕ್ಕೆ ಕ್ರೋಮ್‌ನ 109ನೇ ಆವೃತ್ತಿಯೇ ಕೊನೆ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು. ಅಣ್ಣನಿಂದ ಬಂದ ಹಳೇ ಲ್ಯಾಪ್‌ಟಾಪ್ ನಿಮ್ಮದಾಗಿದ್ರೆ ಮೊದಲು ಇದನ್ನ ಚೆಕ್ ಮಾಡಿ. ಇಲ್ಲಿ ರಿಪೇರಿ ಮಾಡೋಕೆ ಏನೂ ಇರಲ್ಲ, ಮುಂದೇನು ಅಂತ ಯೋಚಿಸ್ಬೇಕು ಅಷ್ಟೇ.

(4/4)

"ಅಪ್‌ಡೇಟೇ ತಲೆನೋವು, ಆಫ್ ಮಾಡಿಬಿಡ್ತೀನಿ" ಅನ್ನೋರಿಗೆ ಒಂದು ಮಾತು. ನಿಮ್ಮ ಸಿಟ್ಟಿಗೆ ಕಾರಣ ಇದೆ, ಒಪ್ತೀನಿ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಅನ್ನೋ ಭದ್ರತಾ ಕಂಪನಿಯ ಒಂದು ತಪ್ಪು ಅಪ್‌ಡೇಟಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಬಿದ್ದುಹೋದವು, ವಿಮಾನಗಳೂ ನಿಂತವು. ಆದ್ರೆ ಇನ್ನೊಂದು ಮಗ್ಗುಲೂ ನೋಡಿ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಬಂದು ಬ್ರಿಟನ್ನಿನ ಆಸ್ಪತ್ರೆಗಳ ಕಂಪ್ಯೂಟರ್‌ಗಳಿಗೂ ಬೀಗ ಹಾಕ್ತು. ಅದು ನುಗ್ಗಿದ ಬಾಗಿಲು ಮುಚ್ಚೋ ಅಪ್‌ಡೇಟ್ ಎರಡು ತಿಂಗಳ ಮುಂಚೆಯೇ, ಮಾರ್ಚ್‌ನಲ್ಲೇ ಬಂದಿತ್ತು. ಪರೀಕ್ಷೆ ಇದ್ರೆ ಒಂದು ವಾರ ಪಾಸ್ ಮಾಡಿ, ತಪ್ಪಿಲ್ಲ. ಶಾಶ್ವತವಾಗಿ ಆಫ್ ಮಾಡೋದು ತಪ್ಪು.

ಇಂಗ್ಲಿಷ್ ಎರರ್ ಓದೋಕೆ ಹೆದರಿಕೆನಾ? ನಂಗೂ ಇತ್ತು. ಕ್ರೋಮ್ ಸೆಟ್ಟಿಂಗ್ಸ್‌ನಲ್ಲಿ ಭಾಷೆಯನ್ನ ಕನ್ನಡಕ್ಕೆ ಬದಲಾಯಿಸ್ಬಹುದು, ಆಮೇಲೆ ಈ ಎಚ್ಚರಿಕೆಗಳೂ ಕನ್ನಡದಲ್ಲೇ ಬರ್ತವೆ. ಹಾಗೆ ಮಾಡ್ಕೊಳ್ಳೋದ್ರಲ್ಲಿ ಅವಮಾನ ಏನೂ ಇಲ್ಲ. ಅರ್ಥ ಆಗದೇ "ಓಕೆ" ಒತ್ತೋದೇ ಅವಮಾನ.

ಮುಂದಿನ ಸಲ ಎರರ್ ಬಂದ್ರೆ ಮೊದಲು ಫೋನಲ್ಲಿ ಅದರ ಫೋಟೋ ತೆಗೀರಿ. ಆಮೇಲೆ ಓದಿ. ಆಮೇಲೆ ತಾರೀಖು, ಡಿಸ್ಕ್ ಜಾಗ, ನೆಟ್ ಈ ಮೂರು ನೋಡಿ. ಅಂಗಡಿಗೆ ಹೋಗ್ಲೇಬೇಕಾಗಿ ಬಂದ್ರೆ ಆ ಫೋಟೋ ತೋರಿಸಿ "ಇದರ ಅರ್ಥ ಏನು?" ಅಂತ ಕೇಳಿ. ಫಾರ್ಮ್ಯಾಟ್ ಅಂದ್ರೆ "ಮೊದಲು ನನ್ನ ಫೈಲ್ಸ್ ಕಾಪಿ ಮಾಡ್ಕೊಡಿ" ಅನ್ನಿ.

ನೆಗಡಿಗೆ ಮೂಗು ಕೊಯ್ದುಕೊಳ್ಳೋದು ಗಾದೆಯಲ್ಲಿ ಮಾತ್ರ ಇರಲಿ. ನನ್ನ ರೂಮ್‌ಮೇಟ್ ಆ ರಿಪೋರ್ಟನ್ನ ಇನ್ನೂ ಎರಡನೇ ಸಲ ಟೈಪ್ ಮಾಡ್ತಾ ಕೂತಿದ್ದಾನೆ. 😐

ಸೇವ್ ಮಾಡ್ಕೊಳ್ಳಿ. ಬರೀ ಫಾರ್ಮ್ಯಾಟ್ ಅಂತ ಹೇಳೋ ಫ್ರೆಂಡ್‌ನ ಟ್ಯಾಗ್ ಮಾಡಿ.

#ಕನ್ನಡದಲ್ಲಿಟೆಕ್ #ಎರರ್‌ಓದಿ #ಹಾಸ್ಟೆಲ್‌ಲೈಫ್