ಸುರುಳಿಗೆ ಕವಚವೊಂದೇ ಸಾಲದು
ಕಾಪುವಿನಲ್ಲಿ, 1901ರ ದೀಪಸ್ತಂಭದ ಬಳಿಯ ಮರಳಿನಲ್ಲಿ ಬಿದ್ದುಹೋದ ಉಂಗುರವನ್ನು ಲೋಹಶೋಧಕದಿಂದ ಅರಸುವವರು ಅದರ ತಟ್ಟೆಯನ್ನು ನೆಲಕ್ಕೆ ಸವರುವಂತೆ ಆಡಿಸುತ್ತಾರೆ. ತಟ್ಟೆಯೊಳಗಿರುವುದು ತಾಮ್ರದ ತಂತಿಯ ಸುರುಳಿ. ಹೊರಗಿನದು ಬರಿಯ ಪ್ಲಾಸ್ಟಿಕ್ಕು. ಮರಳಿನಲ್ಲಿರುವ ಬೆಣಚುಕಲ್ಲಿನ ಕಾಠಿಣ್ಯವಾದರೋ ಮೋಸ್ ಮಾನದಲ್ಲಿ 7, ಚಾಕುವಿನ ಉಕ್ಕಿಗಿಂತಲೂ ಹೆಚ್ಚು! ಸವೆದು ಬಿರುಕುಬಿಟ್ಟೆಡೆ ಉಪ್ಪುನೀರು ಇಳಿದರೆ ಸುರುಳಿಗೇ ಅಪಾಯ. ಆದುದರಿಂದ ಕಳಚಬಹುದಾದ ಕವಚ ಬೇಕೇ ಬೇಕು.

ಆದರೆ ಕವಚವನ್ನು ತೊಡಿಸಿ ಮರೆತುಬಿಡುವುದು ತೊಡಿಸದಿರುವಷ್ಟೇ ಕೆಡುಕೆಂಬುದು ನನ್ನ ಮತ. ಎರಡರ ನಡುವೆ ಸಿಕ್ಕಿದ ಮರಳು ಒಳಗಿನಿಂದಲೇ ತೇಯುತ್ತದೆ. ಅದರಲ್ಲಿ ಅಯಸ್ಕಾಂತಕ್ಕೆ ಅಂಟುವ ಕಪ್ಪು ಕಣಗಳಿದ್ದರೆ ಯಂತ್ರವು ಸುಳ್ಳು ಸದ್ದನ್ನೂ ಮಾಡೀತು. ಅದಕ್ಕೆ ಬೇಸತ್ತು ಮನೆಗೆ ಮರಳಿದವರಿಗೆ ಉಂಗುರ ಸಿಗುವುದುಂಟೇ? ಹುಡುಕಾಟ ಮುಗಿದ ದಿನವೇ ಕವಚವನ್ನು ಕಳಚಿ, ತಟ್ಟೆಯನ್ನೂ ಅದನ್ನೂ ಬಾವಿಯ ಸಿಹಿನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿದ ಬಳಿಕವೇ ಮತ್ತೆ ತೊಡಿಸತಕ್ಕದ್ದು.