ಬೀದಿ ದೀಪದ ಕಥೆಗಳು ಇನ್ನು ಸಾಕು

ಸಂಘದ ಕಥಾಸ್ಪರ್ಧೆಗೆ ಬಂದ ಹಸ್ತಪ್ರತಿಗಳ ಕಟ್ಟನ್ನು ಕಳೆದ ವರ್ಷ ನಮ್ಮ ಕೈಗೆ ಕೊಟ್ಟಿದ್ದರು. ತೀರ್ಪುಗಾರರಾಗಿ ಅಲ್ಲ, ಅಂಥ ಯೋಗ್ಯತೆ ನಮಗಿಲ್ಲ. ತೀರ್ಪುಗಾರರ ಮುಂದಿಡುವ ಮೊದಲು ಜೊಳ್ಳು ತೂರಲು ಒಬ್ಬ ಗುಮಾಸ್ತ ಬೇಕಾಗಿತ್ತು. ಆ ಕೆಲಸ ನಮಗೆ ಅಭ್ಯಾಸವಾದದ್ದು. ಕಚೇರಿಯಿಂದ ಬಂದು ರಾತ್ರಿ ಒಂದೊಂದಾಗಿ ಓದಿದೆವು. ನಾಲ್ಕನೆಯ ಕಥೆಗೆ ಬರುವಷ್ಟರಲ್ಲಿ ಐದನೆಯದರ ಮುಕ್ತಾಯ ಓದದೆಯೇ ಗೊತ್ತಾಗತೊಡಗಿತು. ಹುಡುಗನಿಗೆ ತಂದೆಯಿಲ್ಲ, ಇದ್ದರೆ ಕುಡುಕ. ತಾಯಿ ಕಂಡವರ ಮನೆಯಲ್ಲಿ ಮುಸುರೆ ತಿಕ್ಕುತ್ತಾಳೆ. ಸೀಮೆಎಣ್ಣೆಗೆ ಗತಿಯಿಲ್ಲದೆ ಹುಡುಗ ಬೀದಿ ದೀಪದ ಕೆಳಗೆ ಓದುತ್ತಾನೆ. ಕೊನೆಯ ಪುಟದಲ್ಲಿ ಜಿಲ್ಲಾಧಿಕಾರಿಯಾಗಿ ಕಾರಿನಿಂದಿಳಿದು ತಾಯಿಯ ಕಾಲಿಗೆ ಬೀಳುತ್ತಾನೆ. ಕೆಲವು ಕಥೆಗಳಲ್ಲಿ ಡಾಕ್ಟರನೂ ಆಗಿದ್ದಾನೆ. ಗುಮಾಸ್ತನಾದವನು ಮಾತ್ರ ಒಬ್ಬನೂ ಇಲ್ಲವೆಂಬುದನ್ನು ತುಸು ನೋವಿನಿಂದಲೇ ಗಮನಿಸಿದೆವು.

ಬಡತನವನ್ನು ಬರೆಯಬೇಡಿರೆಂದು ನಾವು ಹೇಳುತ್ತಿಲ್ಲ. ಈ ಪತ್ರಿಕೆಯನ್ನು ಓದುವವರಲ್ಲಿ ಹಸಿವನ್ನು ಕೇಳಿ ಮಾತ್ರ ಬಲ್ಲವರು ಕಡಿಮೆ; ನಾವೂ ಹಾಸ್ಟೆಲಿನ ನೀರುಸಾರು ಉಂಡು ಬಂದವರೇ. ನಮ್ಮ ತಕರಾರು ಬೇರೆ. ಈ ಕಥೆಗಳು ಬಡತನವನ್ನು ಒಂದು ಪರೀಕ್ಷೆಯಂತೆ ಕಾಣುತ್ತವೆ. ಛಲವಿದ್ದವನು ಪಾಸಾಗುತ್ತಾನೆ. ಹಾಗಾದರೆ ಪಾಸಾಗದವನ ಗತಿಯೇನು? ಅವನಿಗೆ ಛಲ ಸಾಲದೆಂಬ ತೀರ್ಪನ್ನು ಬಾಯಿಬಿಟ್ಟು ಹೇಳದೆಯೇ ಕೊಟ್ಟುಬಿಡುತ್ತವೆ.

ಬಿ.ಎಸ್ಸಿ.ಯಲ್ಲಿ ಸಸ್ಯಶಾಸ್ತ್ರದ ಪ್ರಯೋಗಕ್ಕೆ ನಾವು ಹೆಸರುಕಾಳು ಮೊಳೆಯಿಸುತ್ತಿದ್ದೆವು. ಮೊಳೆತ ಕಾಳುಗಳನ್ನು ಮಾತ್ರ ಎಣಿಸಿ ಬರೆದ ಗೆಳೆಯನ ರೆಕಾರ್ಡನ್ನು ಮೇಷ್ಟ್ರು ಮುಖಕ್ಕೆ ಎಸೆದಿದ್ದರು. ಎಷ್ಟು ಬಿತ್ತಿದೆ, ನೀರೆಷ್ಟು ಹಾಕಿದೆ, ಮೊಳೆಯದ ಕಾಳು ಎಲ್ಲಿ ಎಂದು ಕೇಳಿದ್ದರು. ನಮ್ಮ ಛಲದ ಸಾಹಿತ್ಯ ಆ ರೆಕಾರ್ಡಿಗಿಂತ ಎಷ್ಟು ಭಿನ್ನವೆಂದು ಓದುಗರೇ ಹೇಳಬೇಕು.

ಇಂಗ್ಲಿಷಿನಲ್ಲಿ ಈ ದಾರಿಯ ದೊಡ್ಡ ಹೆಸರು ಚಾರ್ಲ್ಸ್ ಡಿಕನ್ಸ್‌ನದು. 1824ರಲ್ಲಿ, ಹನ್ನೆರಡರ ವಯಸ್ಸಿನಲ್ಲಿ, ಲಂಡನ್ನಿನ ಬೂಟ್ ಪಾಲಿಶ್ ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸುತ್ತಿದ್ದ. ತಂದೆ ಸಾಲ ತೀರಿಸಲಾಗದೆ ಮಾರ್ಷಲ್‌ಸೀ ಜೈಲಿನಲ್ಲಿದ್ದ. ಭಾಷಣಕಾರರು ಇಲ್ಲಿಯವರೆಗೆ ಹೇಳಿ, ‘ಮುಂದೆ ಆತ ಜಗತ್ಪ್ರಸಿದ್ಧ ಕಾದಂಬರಿಕಾರನಾದ’ ಎಂದು ಮುಗಿಸುತ್ತಾರೆ. ನಡುವಿನ ಸಂಗತಿ ಅವರಿಗೆ ಬೇಡ. ಆ ಹುಡುಗ ಕಾರ್ಖಾನೆಯಿಂದ ಹೊರಬಂದದ್ದು ಛಲದಿಂದಲ್ಲ. ತಂದೆಗೂ ಅಲ್ಲಿಯ ಯಜಮಾನರಿಗೂ ಜಗಳವಾಗಿ ತಂದೆ ಅವನನ್ನು ಬಿಡಿಸಿದ; ತಾಯಿಯಂತೂ ಮತ್ತೆ ಅಲ್ಲಿಗೇ ಕಳಿಸಬೇಕೆಂದಳು. ಆ ಜಗಳ ನಡೆಯದಿದ್ದರೆ? ಡಿಕನ್ಸ್ ಇದನ್ನು ಬದುಕಿರುವವರೆಗೂ ಲೋಕಕ್ಕೆ ಹೇಳಲಿಲ್ಲ. ಗೆಳೆಯ ಫಾರ್ಸ್ಟರ್ ಬರೆದ ಜೀವನಚರಿತ್ರೆಯಿಂದ, ಅವನು ತೀರಿಕೊಂಡ ಮೇಲೆ ಜನಕ್ಕೆ ತಿಳಿಯಿತು. ಹೆಮ್ಮೆಯಿಂದ ವೇದಿಕೆಯ ಮೇಲೆ ಹೇಳುವ ಸಂಗತಿ ಅದಾಗಿದ್ದರೆ ಅಷ್ಟು ವರ್ಷ ಏಕೆ ಮುಚ್ಚಿಡುತ್ತಿದ್ದ?

ದೂರ ಹೋಗುವುದೇಕೆ, ನಮ್ಮ ಕನ್ನಡದಲ್ಲೇ ನೋಡೋಣ. ಭೈರಪ್ಪನವರ ‘ಗೃಹಭಂಗ’ 1970ರದು. ಕೈಲಾಗದ ಗಂಡನನ್ನು ಕಟ್ಟಿಕೊಂಡು ಶಾನುಭೋಗಿಕೆಯ ಲೆಕ್ಕ ಬರೆದು, ಮುತ್ತುಗದ ಎಲೆ ಹಚ್ಚಿ ಮಕ್ಕಳನ್ನು ಸಾಕಿದ ನಂಜಮ್ಮನಿಗಿಂತ ಛಲ ಯಾರಿಗಿದೆ? ಪ್ಲೇಗು ಬಂದಾಗ ಅದು ಛಲವನ್ನು ವಿಚಾರಿಸಲಿಲ್ಲ. ಕಾರಂತರ ಚೋಮನಿಗೆ ಎತ್ತುಗಳಿದ್ದುವು, ದುಡಿಯುವ ರಟ್ಟೆಯಿತ್ತು, ಬೇಸಾಯದ ಆಸೆಯಿತ್ತು. ಭೂಮಿ ಮಾತ್ರ ಸಿಗಲಿಲ್ಲ, ಅದಕ್ಕೆ ಅವನ ಜಾತಿ ಅಡ್ಡವಿತ್ತು. 1933ರಲ್ಲಿ ಬಂದ ಆ ಪುಸ್ತಕವನ್ನು ಓದಿದವರು ‘ಚೋಮ ಇನ್ನಷ್ಟು ಪ್ರಯತ್ನಿಸಬೇಕಿತ್ತು’ ಎನ್ನಲಾರರು.

ಸಿದ್ಧಲಿಂಗಯ್ಯನವರ ‘ಊರುಕೇರಿ’ಯ ಆರಂಭದ ನೋಟವಂತೂ ಮರೆಯುವಂಥದಲ್ಲ. ಎತ್ತುಗಳ ಜಾಗದಲ್ಲಿ ಇಬ್ಬರು ಮನುಷ್ಯರು ನೊಗ ಹೊತ್ತಿದ್ದಾರೆ, ಹಿಂದೆ ಒಬ್ಬ ಉಳುತ್ತಿದ್ದಾನೆ. ನೋಡುತ್ತಿರುವ ಹುಡುಗನ ತಂದೆ ಆ ನೊಗ ಹೊತ್ತವರಲ್ಲಿ ಒಬ್ಬ. ಲೇಖಕರು ಅಲ್ಲಿ ಕಣ್ಣೀರು ಸುರಿಸುವುದಿಲ್ಲ. ಪುಸ್ತಕದ ತುಂಬ ನಗುವಿದೆ. ಹಾಸ್ಟೆಲು, ಅಲ್ಲಿಯ ಹುಡುಗರು, ಓದಿಸಿದವರು, ಕೇರಿಯ ಮಂದಿ ಎಲ್ಲರೂ ಇದ್ದಾರೆ. ತಾನೊಬ್ಬನೇ ಈಜಿ ದಡ ಸೇರಿದೆನೆಂಬ ಠೀವಿ ಎಲ್ಲೂ ಇಲ್ಲ. ಮರಾಠಿಯಲ್ಲಿ 1978ರಲ್ಲಿ ಬಂದ ದಯಾ ಪವಾರರ ‘ಬಲುತ’ವನ್ನು ಮುಂಬಯಿಯಲ್ಲಿರುವ ನಾವು ಓದದಿರುವುದು ತಪ್ಪು. ಅಲ್ಲಿ ಓದಿ ಮೇಲೆ ಬಂದ ದಯಾ ಪವಾರನೂ ಹಳ್ಳಿಯ ದಗಡೂವೂ ಎದುರುಬದುರು ಕೂತು ಮಾತಾಡುತ್ತಾರೆ. ಮೇಲೆ ಬಂದವನಿಗೆ ನೆಮ್ಮದಿಯಿಲ್ಲ. ನಮ್ಮ ಸ್ಪರ್ಧೆಯ ಜಿಲ್ಲಾಧಿಕಾರಿಗಳಿಗೆ ಮಾತ್ರ ಒಂದು ದಿನವೂ ನಿದ್ದೆ ಕೆಟ್ಟದ್ದಿಲ್ಲ.

ಸಂಘದ ಹಿರಿಯರೊಬ್ಬರೊಡನೆ ಈ ಮಾತು ಬಂದಾಗ ಅವರು ಸಿಟ್ಟಾದರು. ಹೋಟೆಲಿನಲ್ಲಿ ತಟ್ಟೆ ತೊಳೆಯುತ್ತ ರಾತ್ರಿ ಶಾಲೆಯಲ್ಲಿ ಓದಿ ಮುಂದೆ ಬಂದವರು ಅವರು. ‘ನನ್ನ ಕಥೆ ಸುಳ್ಳೇನ್ರೀ? ಅದನ್ನು ಕೇಳಿ ಮಕ್ಕಳಿಗೆ ಹುರುಪು ಬರೋದು ಬೇಡವೇ?’ ಎಂದರು. ಅವರ ಕಥೆ ಸುಳ್ಳಲ್ಲ. ಅವರ ಮುಂದೆ ನಾವು ತಲೆ ತಗ್ಗಿಸುತ್ತೇವೆ. ಆದರೆ ಅವರೇ ಹೇಳುವಾಗ ಗಮನಿಸಿರಿ: ಆ ಶಾಲೆಯನ್ನು ಕಟ್ಟಿದವರು ಯಾರು, ಹಗಲೆಲ್ಲ ಇನ್ನೊಂದು ನೌಕರಿ ಮಾಡಿ ರಾತ್ರಿ ಕಲಿಸಲು ಬರುತ್ತಿದ್ದ ಮೇಷ್ಟ್ರು ಯಾರು, ಆರು ಗಂಟೆಗೆ ಹುಡುಗನನ್ನು ಬಿಟ್ಟುಕೊಡುತ್ತಿದ್ದ ಹೋಟೆಲ್ ಯಜಮಾನ ಯಾರು ಎಂಬುದೆಲ್ಲ ತಾನಾಗಿ ಬರುತ್ತದೆ. ಅದೇ ಕಥೆ ಸನ್ಮಾನಪತ್ರಕ್ಕೆ ಏರಿದೊಡನೆ ‘ಸ್ವಪ್ರಯತ್ನದಿಂದ’ ಎಂಬ ಒಂದೇ ಪದ ಉಳಿಯುತ್ತದೆ. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಹಲವು ಮುಚ್ಚಿಹೋದವು. ಅವುಗಳ ಕಥೆ ಬರೆದವರು ವಿರಳ. ಹದಿನಾಲ್ಕು ತುಂಬದವರನ್ನು ಹೋಟೆಲು, ಮನೆಗೆಲಸಗಳಿಗೆ ಇಟ್ಟುಕೊಳ್ಳಬಾರದೆಂಬ ನಿಷೇಧ ಜಾರಿಗೆ ಬಂದದ್ದು 2006ರ ಅಕ್ಟೋಬರಿನಲ್ಲಿ. ಅಷ್ಟು ತಡವಾದದ್ದಕ್ಕೆ ‘ತಟ್ಟೆ ತೊಳೆದೇ ದೊಡ್ಡವರಾದರು’ ಎಂಬ ನಮ್ಮ ಮೆಚ್ಚುಗೆಯೂ ಒಂದಿಷ್ಟು ಕಾರಣವಲ್ಲವೇ?

ಇನ್ನು ನಮ್ಮದನ್ನೂ ಹೇಳಿಬಿಡುತ್ತೇವೆ, ಇಲ್ಲದಿದ್ದರೆ ಬರೆದದ್ದು ಅರ್ಧ ಸುಳ್ಳಾದೀತು. ದಕ್ಷಿಣ ಕನ್ನಡದ ನಮ್ಮ ಊರಿನಲ್ಲಿ ಏಳನೆಯ ತರಗತಿಯವರೆಗೆ ಶಾಲೆಯಿತ್ತು. ಹೈಸ್ಕೂಲಿಗೆ ಬಸ್ಸು ಹಿಡಿಯಬೇಕು. ಇಬ್ಬರಿಗೂ ಬಸ್ಸಿನ ದುಡ್ಡು ಹೊಂದುವಂತಿರಲಿಲ್ಲ. ನಮಗಿಂತ ನಾಲ್ಕು ವರ್ಷ ದೊಡ್ಡವಳಾದ ಅಕ್ಕ, ಲೆಕ್ಕದಲ್ಲಿ ಶಾಲೆಗೇ ಮುಂದಿದ್ದವಳು, ತಡ್ಪೆಯನ್ನು ಮಡಿಲಿಗಿಟ್ಟುಕೊಂಡು ಬೀಡಿ ಕಟ್ಟಲು ಕೂತಳು. ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುರುಳಿ ಸುತ್ತಿ, ನೂಲು ಕಟ್ಟುವುದು. ಸಂಜೆ ಬ್ರಾಂಚಿಗೆ ಒಯ್ದರೆ ಅಲ್ಲಿ ಒಂದಷ್ಟನ್ನು ಸರಿಯಿಲ್ಲವೆಂದು ತೆಗೆದು ಪಕ್ಕಕ್ಕೆ ಹಾಕುತ್ತಿದ್ದರು. ಅಮ್ಮನೂ ಬೀಡಿ ಕಟ್ಟುತ್ತಿದ್ದುದರಿಂದ, 1976ರ ಬೀಡಿ ಕಾರ್ಮಿಕರ ಕಲ್ಯಾಣ ನಿಧಿಯ ಕಾಯಿದೆಯ ದೆಸೆಯಿಂದ ನಮಗೊಂದು ವಿದ್ಯಾರ್ಥಿವೇತನ ಬಂತು. ಅಕ್ಕನ ಬೆರಳು, ಆ ನಿಧಿ, ಹಾಸ್ಟೆಲಿನ ಅನ್ನ: ಈ ಮೂರರಿಂದ ನಾವು ಬಿ.ಎಸ್ಸಿ. ಮುಗಿಸಿ, ಪರೀಕ್ಷೆ ಕಟ್ಟಿ, ಕೇಂದ್ರ ಸರ್ಕಾರದ ಕುರ್ಚಿಯಲ್ಲಿ ಕೂತೆವು. ನಾವು ಓದಿದ್ದು ನಿಜ. ಅಕ್ಕನಿಗೆ ಬಸ್ಸಿನ ದುಡ್ಡು ಸಿಕ್ಕಿದ್ದರೆ ಅವಳು ನಮಗಿಂತ ಚೆನ್ನಾಗಿ ಓದುತ್ತಿದ್ದಳೆಂಬುದೂ ಅಷ್ಟೇ ನಿಜ.

ಕೆಲವು ವರ್ಷಗಳ ಹಿಂದೆ ಒಂದು ಸಮಾರಂಭದಲ್ಲಿ ‘ಬಡತನದಲ್ಲಿ ಅರಳಿದ ಪ್ರತಿಭೆ’ ಎಂದು ನಮಗೂ ಶಾಲು ಹೊದಿಸಿದರು. ಆ ವಾರ ಅಕ್ಕ ಮುಂಬಯಿಗೆ ಬಂದಿದ್ದವಳು ಹಿಂದಿನ ಸಾಲಿನಲ್ಲಿ ಕೂತಿದ್ದಳು. ಲೋಕಲ್ ಟ್ರೇನಿನಲ್ಲಿ ಮನೆಗೆ ಹೋಗುವಾಗ ಶಾಲನ್ನು ಮಡಚಿ ಚೀಲಕ್ಕೆ ಹಾಕುತ್ತ, ‘ಅಲ್ಲ ಮಾರಾಯ, ಎಂಟನೇ ಕ್ಲಾಸಿನಲ್ಲಿ ನಿಂಗೆ ಲೆಕ್ಕಕ್ಕೆ ಯಾರಿದ್ದದ್ದು?’ ಎಂದು ಕೇಳಿದಳು. ಮೂವತ್ತು ವರ್ಷಗಳ ಹಿಂದೆ ಕೇಳಬೇಕಿದ್ದ ಪ್ರಶ್ನೆ. ಮೇಷ್ಟ್ರ ಹೆಸರು ಹೇಳಿದೆವು.

ಈ ವರ್ಷದ ಕಥಾಸ್ಪರ್ಧೆಯ ವಿಷಯ ಇನ್ನೂ ನಿಗದಿಯಾಗಿಲ್ಲವೆಂದು ಕೇಳಿದ್ದೇವೆ. ಸಮಿತಿಯವರಲ್ಲಿ ನಮ್ಮ ವಿನಂತಿ ಇಷ್ಟೆ: ಗೆದ್ದು ಬಂದವನ ಕಥೆಯನ್ನು ಒಂದು ವರ್ಷದ ಮಟ್ಟಿಗೆ ಬದಿಗಿಡಿ. ಮನೆಯಲ್ಲಿ ಉಳಿದವಳ ಕಥೆಯನ್ನೋ, ಹಾಸ್ಟೆಲಿನ ಅಡುಗೆಯವನ ಕಥೆಯನ್ನೋ, ಎಸ್.ಎಸ್.ಎಲ್.ಸಿ.ಯಲ್ಲಿ ನಪಾಸಾಗಿ ಇಂದಿಗೂ ಹೋಟೆಲಿನ ಗಲ್ಲದ ಹಿಂದೆ ನಿಂತಿರುವವನ ಕಥೆಯನ್ನೋ ಕೇಳಿ. ಹಸ್ತಪ್ರತಿಗಳ ಕಟ್ಟು ಈ ಸಲ ತೆಳುವಾದರೂ ಆದೀತು. ಓದಲು ನಾವು ಸಿದ್ಧರಿದ್ದೇವೆ, ಶನಿವಾರ ರಾತ್ರಿ ತಲುಪಿಸಿದರೆ ಅನುಕೂಲ.